ಧೋಂಡಿಯ ವಾಘನೂ ಮೂರು ಸರಕಾರಗಳ ಗಡಿಯೂ

ನ್ಯಾಮತಿಯ ಪೇಟೆಬೀದಿಯಲ್ಲಿ ನಿಂತವನಿಗೆ ಮೂಡಲಿಗೆ ಹೊನ್ನಾಳಿಯೂ ತುಂಗಭದ್ರೆಯೂ, ಹೊಳೆಯಾಚೆ ಚನ್ನಗಿರಿಯೂ, ತೆಂಕಲಿಗೆ ಶಿವಮೊಗ್ಗೆಯೂ, ಪಡುವಲಿಗೆ ಶಿಕಾರಿಪುರವೂ ಒಂದೆರಡು ದಿನದ ಗಾಡಿಯ ಹಾದಿಯೊಳಗೇ ಇರುವುವು. ಮಲೆನಾಡಿನ ಅಡಕೆಯೂ ಬಯಲುಸೀಮೆಯ ಜೋಳವೂ ಇದಿರುಗೊಳ್ಳುವ ಈ ದಾರಿಗಳಲ್ಲಿ ಒಂದು ಕಾಲಕ್ಕೆ ಓಡಾಡಿದ್ದು ಸರಕಿನ ಗಾಡಿಗಳು ಮಾತ್ರವಲ್ಲ. ಮೂರು ನಾಲ್ಕು ಸರಕಾರಗಳ ದಂಡುಗಳೂ, ಯಾವ ಸರಕಾರಕ್ಕೂ ಸೇರದ ಒಬ್ಬ ರಾಹುತನ ಕುದುರೆಗಳೂ ಇದೇ ನೆಲದ ಧೂಳನ್ನು ಎಬ್ಬಿಸಿದುವು. ಆ ರಾಹುತನೇ ಚನ್ನಗಿರಿಯ ಧೋಂಡಿಯ ವಾಘ.

ಈಚಿನ ವರ್ಷಗಳಲ್ಲಿ ಯೂರೋಪಿನ ರಾಷ್ಟ್ರಗಳು ತಮ್ಮ ಒಕ್ಕೂಟಕ್ಕೆಲ್ಲ ಒಂದೇ ರಕ್ಷಣಾ ನೀತಿಯನ್ನು ಬಲಪಡಿಸುವ ವಿಚಾರದಲ್ಲಿ ಮಗ್ನವಾಗಿರುವುದನ್ನು ವಾಚಕರು ಬಲ್ಲರು. ಹಲವು ದೇಶಗಳು ಕೂಡಿ ತಮ್ಮನ್ನು ಕಾಯ್ದುಕೊಳ್ಳುವುದು ಹೇಗೆ, ಆ ಕಾವಲಿನ ವೆಚ್ಚವನ್ನು ಯಾರು ಕೊಡತಕ್ಕದ್ದು, ಅಪ್ಪಣೆ ಯಾರದಾಗಿರತಕ್ಕದ್ದು ಎಂಬ ಪ್ರಶ್ನೆಗಳು ದೂರದೇಶದ ಪಂಡಿತರಿಗೆ ಮಾತ್ರ ಸಂಬಂಧಿಸಿದುವೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಆ ಭಾವನೆ ಸರಿಯಲ್ಲ. ಇನ್ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಆ ಪ್ರಶ್ನೆಗಳೆಲ್ಲ ನಮ್ಮ ತಾಲ್ಲೂಕುಗಳ ನಡುವೆಯೇ ಕೇಳಲ್ಪಟ್ಟುವು. ಅವಕ್ಕೆ ತಪ್ಪು ಉತ್ತರವನ್ನು ಕೊಟ್ಟ ರಾಜ್ಯಗಳು ತಮ್ಮ ಸ್ವಾತಂತ್ರ್ಯವನ್ನೇ ಬೆಲೆಯಾಗಿ ತೆತ್ತುವು. ಇದನ್ನು ತಿಳಿಯುವುದಕ್ಕೆ ಧೋಂಡಿಯನ ಚರಿತ್ರೆಗಿಂತ ಹತ್ತಿರದ ಸಾಧನವು ನಮಗೆ ಕಾಣದು.

ಚನ್ನಗಿರಿಯು ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರನ್ನು ಹೊತ್ತ ಊರೆಂದು ಪ್ರತೀತಿಯುಂಟು. ಮರಾಠರಿಗೂ ಈ ಸೀಮೆಗೂ ಸಂಬಂಧವು ಹೊಸದಲ್ಲ. ಶಿವಾಜಿಯ ತಂದೆಯಾದ ಶಹಾಜಿಯು 1664ರಲ್ಲಿ ಕಾಲವಾದದ್ದು ಇದೇ ತಾಲ್ಲೂಕಿನ ಹೊದಿಗೆರೆಯ ಬಳಿ. ಆತನ ಸಮಾಧಿಯೂ ಅಲ್ಲಿಯೇ ಇದೆ. ಹೀಗೆ ಇಲ್ಲಿ ನೆಲೆನಿಂತಿದ್ದ ಮರಾಠ ಮನೆತನಗಳಲ್ಲೊಂದರಲ್ಲಿ ಧೋಂಡಿಯನು ಹುಟ್ಟಿದನು. ಆ ಕಾಲದ ಬಡ ಸಾಹಸಿಗೆ ಏಳಿಗೆಯ ಮಾರ್ಗವು ಒಂದೇ ಇದ್ದಿತು; ಅದು ಕುದುರೆಯ ಬೆನ್ನು. ಧೋಂಡಿಯನು ಹೈದರಾಲಿಯ ಅಶ್ವಸೈನ್ಯವನ್ನು ಸೇರಿದನು. ಹೈದರನು 1782ರಲ್ಲಿ ತೀರಿಕೊಂಡ ತರುವಾಯ ಟಿಪ್ಪುವಿನ ಸೇವೆಯಲ್ಲಿ ಮುಂದುವರಿದನು.

1790ರಲ್ಲಿ ದಕ್ಷಿಣದ ರಾಜಕೀಯದಲ್ಲಿ ಒಂದು ದೊಡ್ಡ ಕೂಟವೇರ್ಪಟ್ಟಿತು. ಕುಂಪಣಿಯವರು, ಪೂನೆಯ ಪೇಶ್ವೆ, ಹೈದರಾಬಾದಿನ ನಿಜಾಮ, ಈ ಮೂವರೂ ಟಿಪ್ಪುವಿನ ವಿರುದ್ಧ ಒಪ್ಪಂದ ಮಾಡಿಕೊಂಡರು. 1792ರಲ್ಲಿ ಶ್ರೀರಂಗಪಟ್ಟಣದ ಸಂಧಿಯಾಗಿ ಮೈಸೂರಿನ ಅರ್ಧ ರಾಜ್ಯವು ಆ ಮೂವರಲ್ಲಿ ಹಂಚಿಹೋಯಿತು. ಈ ಯುದ್ಧದ ಗೊಂದಲದಲ್ಲಿಯೇ ಧೋಂಡಿಯನು ಕೈಗೆ ಸಿಕ್ಕಿದಷ್ಟನ್ನು ಎತ್ತಿಕೊಂಡು, ಕೆಲವು ಸಂಗಡಿಗರೊಡನೆ ಟಿಪ್ಪುವಿನ ಸೇವೆಯನ್ನು ಬಿಟ್ಟು ಹೊಳೆಯಾಚೆಗೆ ಸರಿದನು. ಲಕ್ಷ್ಮೇಶ್ವರದ ದೇಸಾಯಿಯ ಆಶ್ರಯ ದೊರೆಯಿತು. ಅಲ್ಲಿಂದ ಹಾವೇರಿ ಸವಣೂರುಗಳ ಸುತ್ತಮುತ್ತ ಅವನು ನಡೆಸಿದ ದಾಳಿಗಳು ಮರಾಠ ಸರಕಾರವನ್ನು ಕೆರಳಿಸಿದುವು. ಅವರ ಸರದಾರನಾದ ಧೋಂಡೋಪಂತ ಗೋಖಲೆಯು ಅಟ್ಟಿಸಿಕೊಂಡು ಬರಲು, 1794ರಲ್ಲಿ ಧೋಂಡಿಯನು ಇನ್ನೂರರಷ್ಟು ಕುದುರೆಗಳೊಡನೆ ಹೊಳೆ ದಾಟಿ ಮರಳಿ ಟಿಪ್ಪುವಿನ ಬಾಗಿಲಿಗೇ ಬಂದನು.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಲಕ್ಷಿಸಬೇಕು. ಈಚೆಯ ದಡದಲ್ಲಿ ಅಪರಾಧಿಯಾದಾಗ ಆಚೆಯ ದಡ, ಆಚೆಯ ದಡದಲ್ಲಿ ಬೆನ್ನಟ್ಟಿದಾಗ ಈಚೆಯ ದಡ. ಧೋಂಡಿಯನ ಆಯುಷ್ಯವೆಲ್ಲ ಈ ಲೆಕ್ಕದ ಮೇಲೆಯೇ ನಡೆಯಿತು. ಎರಡು ಸರಕಾರಗಳು ಒಂದನ್ನೊಂದು ನಂಬದಿರುವಲ್ಲಿ ಅವುಗಳ ನಡುವಣ ಗಡಿಯು ಸಾಹಸಿಗೆ ಕೋಟೆಯಾಗುವುದು. ಮಳೆಗಾಲದ ನಾಲ್ಕು ತಿಂಗಳು ತುಂಬಿ ಹರಿಯುವ ತುಂಗಭದ್ರೆಯು ಆ ಕೋಟೆಗೆ ಕಂದಕವಾಗಿದ್ದಿತು.

ಟಿಪ್ಪುವು ಅವನನ್ನು ಬಹುಕಾಲ ನಂಬಲಿಲ್ಲ. ಅವನನ್ನು ಬಲಾತ್ಕಾರದಿಂದ ಇಸ್ಲಾಂ ಮತಕ್ಕೆ ಸೇರಿಸಲಾಯಿತೆಂದು ಚರಿತ್ರಕಾರರು ಬರೆದಿರುವರು; ಮಲಿಕ್ ಜಹಾನ್ ಖಾನ್ ಎಂಬ ಹೆಸರು ಅವನಿಗೆ ಬಂದಿತು. ಕಡೆಗೆ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಸಂಕಲೆಯೇ ಗತಿಯಾಯಿತು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪುವು ಮಡಿದಾಗ ಸೆರೆಯಾಳುಗಳ ಸಂಕಲೆಗಳು ಕಳಚಿದುವು. ಅವರೊಡನೆ ಧೋಂಡಿಯನೂ ಹೊರಬಿದ್ದನು. ಅವನು ಯಾರೆಂಬುದನ್ನು ಗೆದ್ದವರು ಆ ದಿನ ವಿಚಾರಿಸಲಿಲ್ಲ. ವಿಚಾರಿಸದೆ ಬಿಟ್ಟುದಕ್ಕೆ ಹದಿನಾರು ತಿಂಗಳು ಪರಿತಪಿಸಿದರು.

ಗೆದ್ದವರು ಮಾಡಿದ ಮತ್ತೊಂದು ತಪ್ಪು ಇದಕ್ಕಿಂತ ದೊಡ್ಡದು. ಟಿಪ್ಪುವಿನ ಸೈನ್ಯವು ಒಡೆದುಹೋಯಿತು. ಕತ್ತಿ ಹಿಡಿಯುವುದನ್ನುಳಿದು ಬೇರೆ ಕಸಬನ್ನರಿಯದ ಸಾವಿರಾರು ಜನರು ಸಂಬಳವಿಲ್ಲದೆ ದಾರಿಯ ಪಾಲಾದರು. ರಾಜ್ಯವನ್ನು ಹಂಚಿಕೊಳ್ಳುವುದರಲ್ಲಿ ತೋರಿದ ಚಾತುರ್ಯದಲ್ಲಿ ನೂರನೆಯ ಒಂದು ಪಾಲನ್ನಾದರೂ ಈ ಜನರ ಹೊಟ್ಟೆಯ ವಿಚಾರದಲ್ಲಿ ಯಾರೂ ತೋರಲಿಲ್ಲ. 2003ರಲ್ಲಿ ಇರಾಕನ್ನು ಗೆದ್ದ ಕೂಟದವರು ಅಲ್ಲಿಯ ಸೈನ್ಯವನ್ನು ಒಂದೇ ಆಜ್ಞೆಯಿಂದ ವಿಸರ್ಜಿಸಿ ದೇಶವನ್ನು ಬೆಂಕಿಗೊಡ್ಡಿದುದನ್ನು ಕಂಡಾಗ ನಮಗೆ ನೆನಪಾದುದು ಇದೇ 1799ರ ಬೇಸಗೆ. ಧೋಂಡಿಯನು ಕರೆದನು, ಜನರು ಬಂದರು. ಬಿದನೂರು ಸೀಮೆಯ ಕೋಟೆಗಳ ಕಿಲ್ಲೇದಾರರು ಅನೇಕರು ಬಾಗಿಲು ತೆರೆದರು. ಶಿವಮೊಗ್ಗೆ ಶಿಕಾರಿಪುರಗಳು ಅವನವಾದುವು. ಸೆರೆಯಾಳಾಗಿದ್ದವನು ಕೆಲವೇ ವಾರಗಳಲ್ಲಿ ಒಂದು ಸೀಮೆಯ ಒಡೆಯನಾಗಿ, ಉಭಯಲೋಕಾಧೀಶ್ವರನೆಂಬ ಬಿರುದನ್ನೂ ಧರಿಸಿದನು.

ಆ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ಎರಡು ಕಾಗದಗಳು ಸಿದ್ಧವಾಗಿದ್ದುವು. 1799ರ ಜೂನ್ 22ರ ಒಪ್ಪಂದದಿಂದ ಕುಂಪಣಿಯವರೂ ನಿಜಾಮನೂ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡು, ಉಳಿದುದನ್ನು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಿಟ್ಟರು. ಜುಲೈ 8ರ ಒಪ್ಪಂದದಿಂದ ಮೈಸೂರಿನ ರಕ್ಷಣೆಯನ್ನು ಕುಂಪಣಿಯವರು ವಹಿಸಿಕೊಂಡರು. ಅದಕ್ಕಾಗಿ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕೊಡತಕ್ಕದ್ದೆಂದಾಯಿತು. ಹಣವು ತಪ್ಪಿದರೆ ರಾಜ್ಯದ ಆಡಳಿತದಲ್ಲಿ ಕೈಹಾಕುವ ಹಕ್ಕೂ ಅವರಿಗೆ ಸೇರಿತು. ಇದೇ ಸಹಾಯಕ ಸೈನ್ಯ ಪದ್ಧತಿ. ನಿಜಾಮನು 1798ರಲ್ಲಿಯೇ ಇದಕ್ಕೆ ಒಳಪಟ್ಟಿದ್ದನು. ಪೂನೆಯ ಸರಕಾರಕ್ಕೂ ಒಂದು ಪಾಲನ್ನು ತೋರಿಸಿದರು. ಅದಕ್ಕೆ ಹೊಂದಿದ್ದ ಷರತ್ತುಗಳನ್ನು ಕಂಡು ಪೂನೆಯವರು ಅದನ್ನು ಬೇಡವೆಂದರು. ಹೀಗೆ ಮೂರು ಸರಕಾರಗಳಲ್ಲಿ ಎರಡು ಒಂದೇ ಕಾವಲಿನೊಳಕ್ಕೆ ಬಂದುವು, ಮೂರನೆಯದು ಹೊರಗುಳಿಯಿತು.

ಆ ಹೊರಗುಳಿದುದರ ಪರಿಣಾಮವು ಎರಡೇ ತಿಂಗಳಲ್ಲಿ ಕಂಡುಬಂದಿತು. ಕರ್ನಲ್ ಸ್ಟೀವನ್‌ಸನ್, ಕರ್ನಲ್ ಡಾಲ್‌ರಿಂಪಲ್ ಎಂಬ ಅಧಿಕಾರಿಗಳ ಕೈಕೆಳಗೆ ಎರಡು ದಂಡುಗಳು ಹೊರಟು, ಶಿವಮೊಗ್ಗೆಯನ್ನು ಹಿಡಿದು, ಆಗಸ್ಟ್ ತಿಂಗಳಲ್ಲಿ ಶಿಕಾರಿಪುರದ ಬಳಿ ಧೋಂಡಿಯನನ್ನು ಸೋಲಿಸಿದುವು. ಅವನು ಓಡಿ ಮರಾಠರ ಸೀಮೆಯನ್ನು ಹೊಕ್ಕನು. ದಂಡುಗಳು ಗಡಿಯಲ್ಲಿ ನಿಂತುವು. ಪೇಶ್ವೆಯ ನೆಲದಲ್ಲಿ ಕಾಲಿಡಕೂಡದೆಂದು ಅವಕ್ಕೆ ಆಜ್ಞೆಯಾಗಿದ್ದಿತು. ಅತ್ತ ಕಾದಿದ್ದ ಧೋಂಡೋಪಂತ ಗೋಖಲೆಯು ಅವನ ಪಾಳೆಯದ ಮೇಲೆ ಬಿದ್ದು ಆನೆ ಒಂಟೆ ಫಿರಂಗಿಗಳನ್ನು ಕಸಿದುಕೊಂಡನಾದರೂ ಮನುಷ್ಯನು ತಪ್ಪಿಸಿಕೊಂಡನು. ಗೋಖಲೆಯ ಎದೆಯ ರಕ್ತದಲ್ಲಿ ತನ್ನ ಮೀಸೆಯನ್ನು ತೋಯಿಸುವೆನೆಂದು ಧೋಂಡಿಯನು ಆಗ ಪ್ರತಿಜ್ಞೆ ಮಾಡಿದನೆಂದು ಹೇಳುವರು.

ಕೆಲಕಾಲ ಅವನು ಕೊಲ್ಹಾಪುರದ ರಾಜನ ಸೇವೆಯಲ್ಲಿದ್ದನು. ಅಲ್ಲಿಯೂ ನಿಲ್ಲದೆ 1800ರ ವಸಂತದಲ್ಲಿ ಧಾರವಾಡ ಸೀಮೆಯಲ್ಲಿ ಮತ್ತೆ ತಲೆಯೆತ್ತಿದನು. ಗದಗು, ಡಂಬಳ ಮೊದಲಾದ ಸ್ಥಳಗಳು ಅವನ ವಶವಾದುವು. ಅವನ ಸುತ್ತ ನೆರೆದವರಲ್ಲಿ ಟಿಪ್ಪುವಿನ ಹಳೆಯ ರಾಹುತರೂ, ಪಾಳೆಯಪಟ್ಟುಗಳನ್ನು ಕಳೆದುಕೊಂಡವರೂ, ಬರಿಯ ಸುಲಿಗೆಯ ಆಸೆಯವರೂ ಇದ್ದರು. ಅದೇ ವರ್ಷದ ಮಾರ್ಚ್ 13ರಂದು ಪೂನೆಯಲ್ಲಿ ನಾನಾ ಫಡ್ನವೀಸನು ಕಾಲವಾಗಿದ್ದನು. ಕುಂಪಣಿಯ ಸೈನ್ಯವು ಮರಾಠರ ನೆಲದಲ್ಲಿ ಬೇರೂರಬಾರದೆಂದು ಎಚ್ಚರದಿಂದಿದ್ದ ಮಂತ್ರಿಯು ಹೋದ ಮೇಲೆ ಎರಡನೆಯ ಬಾಜೀರಾಯನಿಗೆ ಬುದ್ಧಿ ಹೇಳುವವರಾರೂ ಉಳಿಯಲಿಲ್ಲ. ತನ್ನ ಸೀಮೆಯನ್ನು ತಾನೇ ಕಾಯಲಾರದ ಪೇಶ್ವೆಯು, ಧೋಂಡಿಯನನ್ನು ಬೆನ್ನಟ್ಟುವುದಕ್ಕಾಗಿ ಆಂಗ್ಲೇಯರ ದಂಡು ಗಡಿ ದಾಟಬಹುದೆಂದು ಒಪ್ಪಿದನು.

ದಂಡಿನ ನಾಯಕನು ಗವರ್ನರ್ ಜನರಲನ ತಮ್ಮನಾದ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಬಟೇವಿಯದ ಮೇಲಣ ದಂಡಯಾತ್ರೆಯ ನಾಯಕತ್ವವು ಅವನಿಗೆ ಆಗ ದೊರೆಯುತ್ತಿದ್ದಿತು. ಅದನ್ನು ಬಿಟ್ಟು ಅವನು ಧೋಂಡಿಯನ ಬೇಟೆಯನ್ನೇ ಆರಿಸಿಕೊಂಡನು. ಇದರಿಂದ ಚನ್ನಗಿರಿಯ ರಾಹುತನ ತೂಕವೆಷ್ಟೆಂಬುದನ್ನು ಊಹಿಸಬಹುದು. ಮೈಸೂರಿನ ದಿವಾನ್ ಪೂರ್ಣಯ್ಯನವರು ದಂಡಿಗೆ ಬೇಕಾದ ಧಾನ್ಯ ಎತ್ತುಗಳನ್ನು ಒದಗಿಸಿದರು. ಮೈಸೂರಿನ ಕುದುರೆಗಳು ಜತೆಗೆ ಹೊರಟುವು. ನಿಜಾಮನ ಕುದುರೆಗಳೂ ಮರಾಠರ ಕುದುರೆಗಳೂ ಬಂದು ಕೂಡಿದುವು. 1800ರ ಜೂನ್ ತಿಂಗಳ ಕಡೆಯಲ್ಲಿ, ಹೊಳೆ ಏರುವ ಕಾಲದಲ್ಲಿ, ದಂಡು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿತು.

ಮುಂದಿನ ಎರಡೂವರೆ ತಿಂಗಳ ಕಥೆಯು ಉತ್ತರ ಕರ್ಣಾಟಕದ ಊರುಗಳ ಪಟ್ಟಿಯೇ ಸರಿ. ರಾಣಿಬೆನ್ನೂರು ಬಿದ್ದಿತು. ಜೂನ್ 30ರಂದು ಕಿತ್ತೂರಿನ ಕಡೆಯಲ್ಲಿ ಧೋಂಡಿಯನು ಗೋಖಲೆಯ ಮೇಲೆ ತಿರುಗಿಬಿದ್ದು ಅವನನ್ನು ಕೊಂದನು. ಮೀಸೆಯ ಪ್ರತಿಜ್ಞೆಯು ಅಕ್ಷರಶಃ ನೆರವೇರಿತೆಂದು ಜನರು ಆಡಿಕೊಂಡರು. ವೆಲ್ಲೆಸ್ಲಿಯು ಸವಣೂರಿಗೆ ಬಂದು, ಕುಂದಗೋಳವನ್ನು ಹಿಡಿದು, ಡಂಬಳವನ್ನು ಮುತ್ತಿ ವಶಪಡಿಸಿಕೊಂಡನು. ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯ ಬಳಿ ಧೋಂಡಿಯನ ದಂಡಿನ ಒಂದು ಭಾಗವು ಹೊಳೆ ದಾಟುವ ಮೊದಲೇ ಸಿಕ್ಕಿಬಿದ್ದಿತು. ಎಷ್ಟೋ ಜನರು ಪ್ರವಾಹದಲ್ಲಿಯೇ ಮಡಿದರು. ಧೋಂಡಿಯನು ತಪ್ಪಿಸಿಕೊಂಡು ತನ್ನ ಹಳೆಯ ಉಪಾಯದಂತೆ ಮತ್ತೊಂದು ಸರಕಾರದ ನೆಲಕ್ಕೆ, ಕೃಷ್ಣಾ ತುಂಗಭದ್ರೆಗಳ ನಡುವಣ ನಿಜಾಮನ ಸೀಮೆಗೆ, ಜಾರಿಕೊಂಡನು.

ಆದರೆ ಈ ಸಲ ಗಡಿಯು ಅವನನ್ನು ಕಾಯಲಿಲ್ಲ. ಅವನು ಹುಟ್ಟಿದಂದಿನಿಂದ ಬಳಸಿಕೊಂಡು ಬಂದ ಬಿರುಕುಗಳೆಲ್ಲ ಒಂದೇ ಮಳೆಗಾಲದಲ್ಲಿ ಮುಚ್ಚಿಹೋಗಿದ್ದುವು. ಸೆಪ್ಟೆಂಬರ್ 10ರ ಬೆಳಗ್ಗೆ ಕೋಣಗಲ್ಲೆಂಬ ಹಳ್ಳಿಯ ಬಳಿ ಸುಮಾರು ಐದು ಸಾವಿರ ಕುದುರೆಗಳೊಡನಿದ್ದ ಧೋಂಡಿಯನಿಗೆ ವೆಲ್ಲೆಸ್ಲಿಯು ನಾಲ್ಕೇ ಅಶ್ವದಳಗಳೊಡನೆ ಇದಿರಾದನು. ದಳಗಳನ್ನು ಒಂದೇ ಸಾಲಾಗಿ ನಿಲ್ಲಿಸಿ, ತಾನೇ ಮುಂದೆ ನಿಂತು ಏರಿಹೋದನು. ಧೋಂಡಿಯನ ಸಾಲು ಮುರಿಯಿತು. ಅವನು ಓಡಿಹೋಗದೆ ಕಾಳಗದಲ್ಲಿಯೇ ಬಿದ್ದನು. ಗುರುತು ಹಿಡಿದವರು ಅವನ ದೇಹವನ್ನು ಫಿರಂಗಿಯ ಬಂಡಿಗೆ ಕಟ್ಟಿ ಪಾಳೆಯಕ್ಕೆ ತಂದರು.

ಸಾಮಾನುಗಳ ನಡುವೆ ಸಲಾಬತ್ ಖಾನನೆಂಬ ಅವನ ಎಳೆಯ ಮಗನು ಸಿಕ್ಕಿದನು. ವೆಲ್ಲೆಸ್ಲಿಯು ಆ ಹುಡುಗನನ್ನು ತನ್ನ ಗುಡಾರಕ್ಕೆ ಕರೆಯಿಸಿ ಸಾಕಿದನು. ಹಿಂದೂಸ್ಥಾನವನ್ನು ಬಿಡುವಾಗ ಅವನ ಪೋಷಣೆಗೆ ಹಣವನ್ನೂ ಇಟ್ಟುಹೋದನು. ಹುಡುಗನು ಬೆಳೆದು ಮೈಸೂರಿನ ಮಹಾರಾಜರ ಸೇವೆಯಲ್ಲಿದ್ದು 1822ರಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು. ಶತ್ರುವಿನ ಈ ಔದಾರ್ಯವನ್ನು ಒಪ್ಪದಿರುವುದು ನ್ಯಾಯವಲ್ಲ.

ಇಂಥವನನ್ನು ನಾವು ಏನೆಂದು ಎಣಿಸತಕ್ಕದ್ದು? ಆಂಗ್ಲ ಗ್ರಂಥಕರ್ತರು ಅವನನ್ನು ದರೋಡೆಗಾರನೆಂದೇ ಬರೆದರು. ಈಚೆಗೆ ನಮ್ಮವರಲ್ಲಿ ಅನೇಕರು ಅವನನ್ನು ಸ್ವಾತಂತ್ರ್ಯವೀರರ ಮೊದಲನೆಯ ಸಾಲಿನಲ್ಲಿ ಕೂರಿಸುವರು. ನಮಗೆ ಎರಡೂ ಪೂರ್ಣ ಸತ್ಯವೆಂದು ತೋರುವುದಿಲ್ಲ. ಹಾವೇರಿಯ ರೈತನ ಮೇವೂ ಗದಗಿನ ವರ್ತಕನ ಪೆಟ್ಟಿಗೆಯೂ ಅವನ ರಾಹುತರ ಕೈಗೆ ಸಿಕ್ಕಾಗ ಅವು ದೇಶಭಕ್ತಿಯ ಕಾಣಿಕೆಗಳಾಗಿರಲಿಲ್ಲ. ಆದರೆ ಅವನನ್ನು ಬೇಟೆಯಾಡಿದವರು ಹಿಡಿದ ರಾಜ್ಯಗಳ ಮುಂದೆ ಅವನು ಹೊಡೆದ ಕೊಳ್ಳೆಯು ಎಷ್ಟರದು? ಮೂರು ಸರಕಾರಗಳ ಜಗಳವು ಅವನನ್ನು ಬೆಳೆಸಿತು. ಅವುಗಳ ಕೂಟವು ಅವನನ್ನು ಕೊಂದಿತು. ಆ ಕೂಟವು ಬಳಿಕ ತನ್ನ ಜತೆಗಾರರನ್ನೂ ನುಂಗಿತೆಂಬುದೇ ನಾವು ಹೇಳಬೇಕಾದ ಮುಖ್ಯ ವಿಷಯ.

ಧೋಂಡಿಯನು ಸತ್ತು ಮೂವತ್ತೆರಡೇ ದಿನಗಳಾಗಿದ್ದುವು. 1800ರ ಅಕ್ಟೋಬರ್ 12ರಂದು ನಿಜಾಮನು ಹೊಸ ಒಪ್ಪಂದಕ್ಕೆ ರುಜುಹಾಕಿ, ಸಹಾಯಕ ಸೈನ್ಯದ ವೆಚ್ಚಕ್ಕಾಗಿ ಬಳ್ಳಾರಿ, ಕಡಪ ಮೊದಲಾದ ಸೀಮೆಗಳನ್ನು ಕುಂಪಣಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂದು ಹೆಸರಾದುದು ಅದೇ. 1802ರ ಡಿಸೆಂಬರ್ 31ರಂದು ಬಾಜೀರಾಯನು ವಸಯಿಯಲ್ಲಿ ಅದೇ ಬಲೆಗೆ ಕೊರಳೊಡ್ಡಿದನು. 1817ರಲ್ಲಿ ಧಾರವಾಡವು ಹೋಯಿತು, 1818ರಲ್ಲಿ ಪೇಶ್ವಾಯಿಯೇ ಹೋಯಿತು. ಧೋಂಡೋಪಂತನ ಬಂಧುವೂ ಉತ್ತರಾಧಿಕಾರಿಯೂ ಆಗಿ ಧೋಂಡಿಯನ ಬೇಟೆಯಲ್ಲಿ ಆಂಗ್ಲೇಯರ ಜತೆಗಿದ್ದ ಬಾಪು ಗೋಖಲೆಯು ಅದೇ 1818ರಲ್ಲಿ ಅಷ್ಟಿಯ ಕಾಳಗದಲ್ಲಿ ಆಂಗ್ಲೇಯರ ಕೈಯಲ್ಲಿಯೇ ಮಡಿದನು. ಮೈಸೂರಿನ ಸರದಿಯೂ ತಪ್ಪಲಿಲ್ಲ. 1830ರಲ್ಲಿ ನಗರದ ರೈತರು ದಂಗೆಯೆದ್ದರು. ನಮ್ಮ ಹೊನ್ನಾಳಿ ಚನ್ನಗಿರಿಗಳು ಆ ದಂಗೆಯ ಉರಿಯನ್ನು ಕಂಡುವು. ಅದನ್ನೇ ಕಾರಣವಾಗಿಟ್ಟುಕೊಂಡು, 1799ರ ಕಾಗದದ ಆ ಒಂದು ಷರತ್ತನ್ನು ತೆರೆದು, 1831ರಲ್ಲಿ ಆಡಳಿತವನ್ನೇ ವಹಿಸಿಕೊಂಡರು. ರಾಜ್ಯವು ಮರಳಿ ಅರಸರ ಕೈಗೆ ಬರಲು 1881ರವರೆಗೆ, ಐವತ್ತು ವರ್ಷ ಕಾಯಬೇಕಾಯಿತು.

ಹಾಗಾದರೆ ರಾಷ್ಟ್ರಗಳು ಕೂಡಿ ಕಾವಲಿರುವುದೇ ತಪ್ಪೆ? ನಾವು ಹಾಗೆ ಹೇಳುವವರಲ್ಲ. ದನಕರುಗಳನ್ನು ಕಳೆದುಕೊಂಡ ರೈತನಿಗೆ ಗಡಿಯ ಈಚೆ ಆಚೆಗಳ ಸೂಕ್ಷ್ಮವನ್ನು ಹೇಳಿ ಸಮಾಧಾನಪಡಿಸುವುದು ಸಾಧ್ಯವಿಲ್ಲ; ಕಾವಲು ಅವನಿಗೆ ಬೇಕು. ಪೂನೆ, ಹೈದರಾಬಾದು, ಶ್ರೀರಂಗಪಟ್ಟಣಗಳು 1780ರ ದಶಕದಲ್ಲಿಯೇ ತಮ್ಮತಮ್ಮೊಳಗೆ ಸಮಾನರಾಗಿ ಕೂಡಿ ಗಡಿಯನ್ನು ಕಾದಿದ್ದರೆ ಧೋಂಡಿಯನೂ ಏಳುತ್ತಿರಲಿಲ್ಲ, ಹೊರಗಿನವನ ದಂಡೂ ಬೇಕಾಗುತ್ತಿರಲಿಲ್ಲ. ತಪ್ಪಿದ್ದುದು ಕೂಡುವುದರಲ್ಲಲ್ಲ, ಕೂಡಿದ ಬಗೆಯಲ್ಲಿ. ಯಾವುದೇ ರಕ್ಷಣಾ ಕೂಟವನ್ನು ಮೂರು ಪ್ರಶ್ನೆಗಳಿಂದ ಒರೆಹಚ್ಚಬಹುದು. ವೆಚ್ಚವನ್ನು ಕೊಡುವವನಿಗೆ ಅಪ್ಪಣೆಯಲ್ಲಿ ಪಾಲುಂಟೆ? ಎಲ್ಲರ ಒಪ್ಪಿಗೆಯಿಲ್ಲದೆ ದಂಡು ಹೊರಡಬಲ್ಲುದೆ? ಬೇಡವಾದಾಗ ಹೊರಗೆ ಬರುವ ಬಾಗಿಲುಂಟೆ? 1799ರ ಕಾಗದಗಳಲ್ಲಿ ಈ ಮೂರಕ್ಕೂ ಉತ್ತರವು ಮೈಸೂರಿಗೆ ಪ್ರತಿಕೂಲವಾಗಿಯೇ ಇದ್ದಿತು.

ಯೂರೋಪಿನವರು ಈ ಪ್ರಶ್ನೆಗಳನ್ನು ಮರೆತಿಲ್ಲ. ಅಲ್ಲಿ ಒಂದೇ ಸೈನ್ಯವನ್ನು ಕಟ್ಟುವ ಯೋಜನೆಯು 1952ರಲ್ಲಿ ಒಪ್ಪಂದವಾಗಿ ಸಿದ್ಧವಾದರೂ, 1954ರಲ್ಲಿ ಫ್ರಾನ್ಸಿನ ಶಾಸನಸಭೆಯಲ್ಲಿಯೇ ಮುರಿದುಬಿದ್ದಿತು. ತಮ್ಮ ಸೈನ್ಯದ ಅಪ್ಪಣೆಯನ್ನು ಪರರ ಕೈಗೊಪ್ಪಿಸಲು ಅಲ್ಲಿಯ ಪ್ರತಿನಿಧಿಗಳು ಅಂಜಿದರು. 2009ರ ಡಿಸೆಂಬರ್ 1ರಂದು ಜಾರಿಗೆ ಬಂದ ಲಿಸ್ಬನ್ ಒಪ್ಪಂದದಂತೆ, ಒಂದು ಸದಸ್ಯ ರಾಷ್ಟ್ರದ ಮೇಲೆ ಸಶಸ್ತ್ರ ಆಕ್ರಮಣವಾದರೆ ಉಳಿದುವು ನೆರವಾಗತಕ್ಕದ್ದು. 2015ರಲ್ಲಿ ಪ್ಯಾರಿಸಿನ ಮೇಲೆ ದಾಳಿಯಾದಾಗ ಫ್ರಾನ್ಸು ಈ ವಿಧಿಯನ್ನು ಮೊದಲ ಬಾರಿಗೆ ಮುಂದಿಟ್ಟಿತು. ಆದರೆ ದಂಡನ್ನು ಕಳುಹಿಸುವ ತೀರ್ಮಾನಕ್ಕೆ ಸರ್ವಾನುಮತವು ಬೇಕು, ಐರ್ಲೆಂಡಿನಂಥ ತಟಸ್ಥ ರಾಷ್ಟ್ರಗಳ ನೀತಿಗೆ ಮರ್ಯಾದೆಯುಂಟು, ಬಿಟ್ಟುಹೋಗುವ ಬಾಗಿಲೂ ಉಂಟು. ಬ್ರಿಟನ್ನು 2020ರಲ್ಲಿ ಆ ಬಾಗಿಲಿನಿಂದಲೇ ಒಕ್ಕೂಟದ ಹೊರಗೆ ಹೋಯಿತು. ಸಹಾಯಕ ಸೈನ್ಯದಿಂದ ಹೊರಗೆ ಬರಲು ನಮ್ಮ ಅರಸರಿಗೆ ಇಂಥ ಬಾಗಿಲಿರಲಿಲ್ಲವೆಂಬುದನ್ನು ನೆನೆದರೆ, ಆ ಬಾಗಿಲನ್ನು ಇತರರಿಗೆ ಮುಚ್ಚಿದ್ದವರು ಇವರೇ ಅಲ್ಲವೆ ಎಂದು ನಗೆ ಬರುವುದು. ಈ ಏರ್ಪಾಡಿನಿಂದ ಕೆಲಸವು ನಿಧಾನವಾಗುವುದೆಂಬುದು ನಿಜ. ಆದರೆ ಕುಂಪಣಿಯ ಏರ್ಪಾಡು ಬಹಳ ಶೀಘ್ರವಾದುದು. ಅದರ ಶೀಘ್ರತೆಯ ಫಲವನ್ನು ನಾವು ಉಂಡಿದ್ದೇವೆ.

ನಮ್ಮ ದೇಶವು ಇದಕ್ಕೆ ಬೇರೆಯಾದ ಉತ್ತರವನ್ನು ಕಂಡುಕೊಂಡಿತು. 1947ರ ಆಗಸ್ಟ್ ತಿಂಗಳಲ್ಲಿ ಮೈಸೂರು ಭಾರತಕ್ಕೆ ಸೇರಿದಾಗ ಒಪ್ಪಿಸಿದ ವಿಷಯಗಳಲ್ಲಿ ರಕ್ಷಣೆಯೇ ಮೊದಲನೆಯದು. ಹೊರನೋಟಕ್ಕೆ ಅದು 1799ರ ಕಾಗದದಂತೆಯೇ ಕಾಣಬಹುದು. ಎರಡರಲ್ಲಿಯೂ ಮೈಸೂರು ತನ್ನ ಕಾವಲನ್ನು ಬೇರೊಬ್ಬರಿಗೆ ವಹಿಸಿತು. ಆದರೆ ಮೊದಲನೆಯದರಲ್ಲಿ ಅಪ್ಪಣೆಯು ಸಮುದ್ರದಾಚೆಯ ವರ್ತಕ ಮಂಡಲಿಯದು. ಎರಡನೆಯದರಲ್ಲಿ ಅಪ್ಪಣೆಯು ನಾವೇ ಮತ ಕೊಟ್ಟು ಆರಿಸುವ ಸಭೆಗೆ ಉತ್ತರ ಹೇಳತಕ್ಕದ್ದು. 1956ರಲ್ಲಿ ಕನ್ನಡ ನಾಡು ಒಂದಾದಾಗ ಧೋಂಡಿಯನು ಒಂದರಿಂದ ಒಂದಕ್ಕೆ ಹಾರುತ್ತಿದ್ದ ಮೂರು ಸರಕಾರಗಳ ನೆಲವೂ ಒಂದೇ ರಾಜ್ಯವಾಯಿತು. ಇಂದು ಹರಿಹರದ ಸೇತುವೆಯನ್ನು ದಾಟುವ ಗಾಡಿಯವನಿಗೆ ತಾನು ಒಂದು ಕಾಲದ ಗಡಿಯನ್ನು ದಾಟುತ್ತಿರುವೆನೆಂಬ ಎಣಿಕೆಯೂ ಇರುವುದಿಲ್ಲ.

ಆ ಎಣಿಕೆಯಿಲ್ಲದಿರುವುದೇ ಒಂದು ಭಾಗ್ಯ. ಆದರೆ ಅದು ತಾನಾಗಿ ಬಂದುದಲ್ಲವೆಂಬುದನ್ನು ನಾವು ಮರೆಯಬಾರದು. ಚನ್ನಗಿರಿಯ ಕೋಟೆಯನ್ನು ನೋಡಲು ಹೋಗುವ ನಮ್ಮ ತರುಣರು ಧೋಂಡಿಯನ ಶೌರ್ಯವನ್ನು ಕೊಂಡಾಡಲಿ. ಅದಕ್ಕೆ ಅವನು ಅರ್ಹನೇ. ಅದರೊಡನೆ, ಅವನ ಹಿಂದೆ ಬಂದ ದಂಡಿಗೆ ಸಂಬಳವನ್ನು ಯಾರು ಕೊಟ್ಟರು, ಅಪ್ಪಣೆಯನ್ನು ಯಾರು ಕೊಟ್ಟರು ಎಂಬುದನ್ನೂ ವಿಚಾರಿಸಲಿ. ನೆರೆಮನೆಯವನೊಡನೆ ಕೂಡಿ ಬೇಲಿ ಕಟ್ಟಲಾರದವನು ಕಡೆಗೆ ಬೇಲಿಯನ್ನೂ ಹೊಲವನ್ನೂ ಮೂರನೆಯವನಿಗೆ ಬಿಟ್ಟುಕೊಡುವನೆಂಬುದೇ ಈ ರಾಹುತನ ಚರಿತ್ರೆಯು ನಮಗೆ ಉಳಿಸಿಹೋದ ಪಾಠ.